ಪರಸಪ್ಪನ ಹೊಲಕ್ಕೆ ಕಾಲು ಬಂದದ್ದು

ಸಾರವಾಡಕ್ಕೆ ಬಂದು "ಪರಸಪ್ಪನ ಮನಿ ಯಾವುದ್ರಿ?" ಅಂತ ಕೇಳಿದರೆ ಜನ ತಿರುಗಿ ನಿಮ್ಮನ್ನೇ ಕೇಳುತ್ತಿದ್ದರು, "ಯಾವ ಪರಸಪ್ಪ?" ಊರಿಗೆ ಐದು ಪರಸಪ್ಪಗಳು. ಒಬ್ಬ ಗಾಣದವ, ಒಬ್ಬ ಕುರಿಯವ, ಇಬ್ಬರು ಅಣ್ಣತಮ್ಮಂದಿರ ಮಕ್ಕಳು, ಇಬ್ಬರಿಗೂ ಒಬ್ಬನೇ ಅಜ್ಜನ ಹೆಸರು. ಐದನೆಯವನು ಸರಪಳಿ ಪರಸಪ್ಪ. ಈ ಕಥೆ ಅವನದು.

ವಿಜಾಪುರದಲ್ಲಿ ಒಂದು ಕಚೇರಿ ಇತ್ತು. ಅದರ ಹೆಸರು ಬೋರ್ಡಿನ ಮೇಲೆ ಎರಡು ಸಾಲು, ಜನರ ಬಾಯಲ್ಲಿ ಬರೀ 'ಒಡ್ಡಿನ ಆಫೀಸು'. ಗುಡ್ಡದ ಇಳಿಜಾರಿನಲ್ಲಿ ಮಣ್ಣು ಕೊಚ್ಚಿ ಹೋಗದಂತೆ ಅಡ್ಡಡ್ಡ ಒಡ್ಡು ಹಾಕಿಸುವುದು ಅದರ ಕೆಲಸ. ಒಡ್ಡು ಹಾಕುವ ಮೊದಲು ನೆಲ ಅಳೆಯಬೇಕು, ಅಳೆಯಲು ಸರಪಳಿ ಬೇಕು, ಸರಪಳಿಗೆ ಎರಡು ತುದಿ ಇರುತ್ತವೆ. ಒಂದು ತುದಿಯನ್ನು ಯಾರ್ಯಾರೋ ಹಿಡಿದರು, ಬಿಟ್ಟರು, ವರ್ಗವಾಗಿ ಹೋದರು. ಇನ್ನೊಂದು ತುದಿ ಮಾತ್ರ ಐವತ್ತನಾಲ್ಕನೆಯ ಇಸವಿಯಿಂದ ಪರಸಪ್ಪನ ಕೈಯಲ್ಲೇ ಇತ್ತು. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆಯ ಗುರುತು. ಐವತ್ತೇಳರಲ್ಲಿ ನಯಾ ಪೈಸೆ ಬಂದು ಪೇಟೆಯ ಆಣೆಗೆ ಕುತ್ತು ಬಂತು. ನೆಲದ ಆಣೆಯನ್ನು ಯಾರೂ ಮುಟ್ಟಲಿಲ್ಲ. ಅದನ್ನು ತಾನೇ ಕಾಪಾಡಿದೆ ಅನ್ನುವ ಹಾಗೆ ಪರಸಪ್ಪ ಎದೆ ಸೆಟೆಸಿ ಓಡಾಡಿದ.

ಟಿಕೋಟಾ ಸುತ್ತಿನ ಗುಡ್ಡಗಳನ್ನೆಲ್ಲ ಅವನು ಹೀಗೆ ಅಳೆದಿದ್ದ. ಎಲ್ಲಿ ಗರಸು, ಎಲ್ಲಿ ಎರೆ, ಎಲ್ಲಿ ಕೆಂಪು ಮರಳು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ. ಊರಿನ ಓದಿದವರಿಗೆ ಭೂಮಿ ಗೊತ್ತಾಗುವುದು ನಕಾಶೆಯಲ್ಲಿ, ಪರಸಪ್ಪನಿಗೆ ಅಂಗಾಲಿನಲ್ಲಿ. ಆದರೂ ಮನೆಯಲ್ಲಿ ಅವನ ಹೆಂಡತಿ ಸೋನಾಬಾಯಿ, "ಮಂದಿ ಹೊಲ ಅಳದ ಅಳದ ಸವದ್ರಿ. ನಮ್ಮದರ ಕಡಿ ಹೊಳ್ಳಿ ನೋಡ್ರಿ ಒಂದಿಷ್ಟು" ಅಂತ ಚುಚ್ಚುವುದನ್ನು ಬಿಟ್ಟಿರಲಿಲ್ಲ.

ಅವರದು ಅಂತ ಇದ್ದ ನೆಲ ಒಂದೇ, ಅದೂ ಡೋಣಿ ಹೊಳೆಯ ನಟ್ಟನಡುವೆ. ಹದಿನಾರು ಸರಪಳಿ ಉದ್ದ, ನಾಲ್ಕು ಸರಪಳಿ ಅಗಲದ ಒಂದು ನಡುಗಡ್ಡೆ. ಒಂದು ಎಕರೆ ಇಪ್ಪತ್ತನಾಲ್ಕು ಗುಂಟೆ. ಪರಸಪ್ಪನ ಅಜ್ಜ ಊರ ಸೇವೆ ಮಾಡಿದ್ದಕ್ಕೆ ಊರು ಕೊಟ್ಟದ್ದು. ಊರ ಹೊರಗಿನ ಕೇರಿಯವರಿಗೆ ಊರು ಕೊಡುವಾಗ ಕೈ ಎಷ್ಟು ಧಾರಾಳವೆಂದರೆ ದಂಡೆಯ ಎರೆ ಭೂಮಿಯನ್ನೆಲ್ಲ ತಾನು ಇಟ್ಟುಕೊಂಡು ನೀರಿನೊಳಗಿನ ಮರಳನ್ನು ಸಂತೋಷದಿಂದ ಬಿಟ್ಟುಕೊಟ್ಟಿತ್ತು. 'ಡೋಣಿ ಬೆಳೆದರೆ ಓಣೆಲ್ಲ ಕಾಳು' ಅಂತ ಗಾದೆ. ಆ ಕಾಳು ದಂಡೆಯವರ ಓಣಿಗೆ. ನಡುಗಡ್ಡೆಗೆ ಸೌತಿ, ಕಲ್ಲಂಗಡಿ.

ಆದರೆ ಆ ಮರಳಿನಲ್ಲಿ ಒಂದು ಸೋಜಿಗವಿತ್ತು. ಡೋಣಿಯ ನೀರು ಉಪ್ಪು. ಎತ್ತು ಕೂಡ ಒಮ್ಮೆ ಮೂಸಿ, ತಲೆಯೆತ್ತಿ ಯಜಮಾನನ ಮುಖ ನೋಡುತ್ತದೆ. ಅದೇ ಹೊಳೆಯ ನಡುವೆ ಈ ನಡುಗಡ್ಡೆಯ ಮರಳನ್ನು ಒಂದು ಮೊಳ ತೋಡಿದರೆ ಸಿಹಿನೀರಿನ ಒರತೆ! ಮಜ್ಜಿಗೆಯ ಮೇಲೆ ಬೆಣ್ಣೆ ತೇಲುವಂತೆ, ಮರಳು ಕುಡಿದಿಟ್ಟುಕೊಂಡ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತ ನಿಂತಿರುತ್ತಿತ್ತು. ಒಂದು ಮೊಳ ತೋಡಿದರೆ ಸಿಹಿ, ಆಸೆಪಟ್ಟು ಎರಡು ಮೊಳ ತೋಡಿದರೆ ಉಪ್ಪು. ಬೇಸಿಗೆಯಲ್ಲಿ ಇಡೀ ಊರಿನ ಹೆಂಗಸರು ಕೊಡ ಹೊತ್ತು ಅಲ್ಲಿಗೇ ಬರುತ್ತಿದ್ದರು.

ಬರುತ್ತಿದ್ದರು ಸರಿ, ಮಡಿ-ಮೈಲಿಗೆ? ಅದಕ್ಕೂ ಊರು ದಾರಿ ಕಂಡುಕೊಂಡಿತ್ತು. ದೊಡ್ಡಮನೆಯ ರಾಚವ್ವ ಈ ವಿಷಯದಲ್ಲಿ ಕೊನೆಯ ಮಾತು. ಅವಳು ತೀರ್ಪು ಕೊಟ್ಟಿದ್ದಳು: "ಹೊಲ ಪರಸಪ್ಪಂದು ಇರಬೇಕು. ಒರತಿ ಹೊಳೀದು. ಹೊಳಿಗೆ ಯಾವ ಜಾತಿ?" ಹೆಂಗಸರು ಇಳಿದಾಗ ಸೋನಾಬಾಯಿ ಹತ್ತು ಮಾರು ದೂರ ಸರಿದು ನಿಲ್ಲಬೇಕು. ಆ ಮನೆಯ ಗೋಡೆಗೆ ಬುದ್ಧನ ಪಟ ಬಂದಮೇಲೆ ಸೋನಾಬಾಯಿ ದೂರ ಸರಿಯುವುದನ್ನು ನಿಲ್ಲಿಸಿದಳು. ಬದಲಿಗೆ ಸೌತಿಬಳ್ಳಿಯ ನಡುವೆ ಕೂತು ಕಳೆ ಕೀಳುತ್ತ ಗಟ್ಟಿಯಾಗಿ ಹೇಳುತ್ತಿದ್ದಳು, "ಹೊಳೀ ನೀರು ಬೇಕಂದ್ರ ಆ ಕಡಿ ಹರ್ಯಾಕತ್ತೈತಲ್ರಿ ಅವ್ವಾರ, ಕೊಡ ಮುಳಗಸ್ರಿ!" ರಾಚವ್ವನಿಗೆ ಅವತ್ತಿನ ಮಟ್ಟಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇಷ್ಟೆಲ್ಲ ಸುಖವಾಗಿಯೇ ಇತ್ತು. ಕಷ್ಟ ಅಂದರೆ ನಡುಗಡ್ಡೆ ಸವೆಯುತ್ತಿತ್ತು.

ಪ್ರತಿ ವರ್ಷ ದಸರಾ ಮುಗಿದು ಹೊಳೆ ಇಳಿದ ಮೇಲೆ ಪರಸಪ್ಪ ಕಚೇರಿಯ ಸರಪಳಿಯನ್ನು ಒಂದು ದಿನದ ಮಟ್ಟಿಗೆ ತಂದು ತನ್ನ ಹೊಲ ಅಳೆಯುತ್ತಿದ್ದ. ಹೊಲದ ದಾಖಲೆಯಾದ ಉತಾರದ ಪ್ರಕಾರ, ನಡುಗಡ್ಡೆಯಲ್ಲಿ ಹೊಳೆ ಬರುವ ಕಡೆಯ ತಲೆಗೊಂದು, ಹರಿದು ಹೋಗುವ ಕಡೆಯ ಬಾಲಕ್ಕೊಂದು ಎಲ್ಲೆ ತೋರಿಸುವ ಹದ್ದಿನ ಕಲ್ಲು. ತಲೆಯ ಕಲ್ಲು ಐವತ್ತೇಳರ ಮಹಾಪೂರದಲ್ಲಿ ಹೊಳೆಗೆ ಬಿತ್ತು. ಆಮೇಲೆ ಅವನು ಬಾಲದ ಕಲ್ಲಿನ ಹತ್ತಿರ ಸೋನಾಬಾಯಿಯನ್ನು ನಿಲ್ಲಿಸಿ ಅವಳ ಕೈಗೆ ಸರಪಳಿಯ ಬಳೆ ಕೊಟ್ಟು, ಬಾಲಕ್ಕೆ ಬೆನ್ನು ಮಾಡಿ, ತಲೆಯ ಕಡೆ ಮುಖ ಮಾಡಿ ಅಳೆಯುತ್ತ ಹೋಗುತ್ತಿದ್ದ. ಒಂದು ವರ್ಷ ಸರಪಳಿಯಷ್ಟು ಹೋಗಿರುತ್ತಿತ್ತು, ಇನ್ನೊಂದು ವರ್ಷ ಎರಡು. ಐವತ್ತೊಂಬತ್ತಕ್ಕೆ ಒಟ್ಟು ಐದು ಸರಪಳಿ ನೆಲ ನೀರುಪಾಲು. ಅದನ್ನು ಕೇಳಿದ, ಊರ ಲೆಕ್ಕ ಬರೆಯುವ ತಲಾಟಿ ಎಲೆಯಡಿಕೆ ಮಡಚುತ್ತ ಹೇಳಿದ, "ಇನ್ನ ನಾಕೈದು ವರ್ಷಕ್ಕ ಸರಕಾರದ ಮೋಜಣಿ ಬರತದ, ಎಲ್ಲಾರ ಹೊಲಾ ಹೊಸದಾಗಿ ಅಳೀತಾರ. ಅಷ್ಟರಾಗ ಎಲ್ಲಾ ಕರಗಿತಂದ್ರ ಹೊಳಿಪಾಲು ಅಂತ ಬರದ ನಿನ್ನ ಹೆಸರ ಹೊಡದ ಹಾಕತಾರ. ನನ್ನ ಕೈಯಾಗ ಏನಿಲ್ಲಪಾ."

ಇದ್ದದ್ದು ಅದೊಂದೇ ನೆಲ. ಹೆಸರು ಹೋದರೆ ಅವನು ಊರಿನ ಐವರಲ್ಲಿ ಹೊಲವಿಲ್ಲದ ಪರಸಪ್ಪ.

ಅವನು ಹೋಗಿ ಕಾಲು ಹಿಡಿದದ್ದು ತನ್ನ ಓವರ್ಸಿಯರ್ ಬಸಲಿಂಗಯ್ಯನವರದು. ಟಿಕೋಟಾದಲ್ಲಿ ಕ್ಯಾಂಪು ಹಾಕಿಕೊಂಡಿದ್ದ ಬಸಲಿಂಗಯ್ಯ ಒಳ್ಳೆಯ ಮನುಷ್ಯ. ಆದರೆ ಅವರಿಗೆ ಗೊತ್ತಿದ್ದ ಔಷಧ ಒಂದೇ. ತಲೆನೋವು ಅಂದರೂ ಒಡ್ಡು ಹಾಕಿಸುವ ಪೈಕಿ.

"ಲೇ ಪರಸಪ್ಪ, ಇಷ್ಟಕ್ಕ ಮುಖ ಸಣ್ಣ ಮಾಡೀಯೇನು? ತಲೀಗೆ ಒಂದ ಕಲ್ಲಿನ ಒಡ್ಡ ಬಡದ ಬಿಡೂಣು. ಹೊಳಿ ಏನು, ಹೊಳಿ ಅಪ್ಪ ಬಂದರೂ ಅಲ್ಲಾಡಬಾರದು."

ಆ ಕಾಲದಲ್ಲಿ ಶ್ರಮದಾನಕ್ಕೆ ಬಹಳ ಮರ್ಯಾದೆ. ಅರವತ್ತರ ಬೇಸಿಗೆಯಲ್ಲಿ ಊರಿಗೆ ಊರೇ ನಡುಗಡ್ಡೆಗೆ ಇಳಿಯಿತು. ನಡುಗಡ್ಡೆ ಹೋದರೆ ಹೊಳೆಯ ಸೆಳವು ನೇರ ತಮ್ಮ ದಂಡೆಗೆ ಬಡಿಯುತ್ತದೆ ಅನ್ನುವುದು ರಾಚವ್ವನ ಮಕ್ಕಳಿಗೂ ಗೊತ್ತಿತ್ತು. ಜೈನಾಪುರದ ಕಡೆಯಿಂದ ಬಂಡಿಗಟ್ಟಲೆ ಕರಿಕಲ್ಲು ಬಂತು. ಎದೆಯೆತ್ತರದ ಒಡ್ಡು ಎದ್ದಿತು. ಬಬಲೇಶ್ವರದಿಂದ ಬಂದ ಮುಖಂಡರೊಬ್ಬರು ಕೊನೆಯ ಕಲ್ಲು ಇಟ್ಟು, ಹೂವಿನ ಹಾರ ಹಾಕಿಸಿಕೊಂಡು, ನಿಸರ್ಗದ ಮೇಲೆ ಮನುಷ್ಯನ ವಿಜಯದ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ನಿಸರ್ಗ ಆಗ ಮೊಣಕಾಲು ಮಟ್ಟ ಇತ್ತು, ಸುಮ್ಮನೆ ಕೇಳಿಸಿಕೊಂಡಿತು.

ಭಾದ್ರಪದದಲ್ಲಿ ಉತ್ತರ ಬಂತು. ಹೊಳೆ ಎರಡು ದಿನ ಒಡ್ಡಿಗೆ ಹಣೆ ಚಚ್ಚಿತು. ಮೂರನೆಯ ದಿನ ಬುದ್ಧಿ ಬಂದು ಎರಡೂ ಮಗ್ಗುಲಿಂದ ಸುತ್ತಿ ಬಂದು, ಒಡ್ಡಿನ ಬೆನ್ನ ಹಿಂದಿನ ಮರಳನ್ನು ಗೋರಿತು. ನೀರು ಇಳಿದಾಗ ನೋಡಿದರೆ ಒಡ್ಡು ಹಾಗೇ ಇದೆ, ಒಂದು ಕಲ್ಲೂ ಅಲ್ಲಾಡಿಲ್ಲ. ಅದು ಕಾಯಬೇಕಿದ್ದ ಹೊಲ ಮಾತ್ರ ಅಲ್ಲಿಲ್ಲ! ನೆಂಟರನ್ನು ಊಟಕ್ಕೆ ಕರೆದು ಮನೆಯವರೇ ಊರಿಗೆ ಹೋದಂತೆ, ಹೊಳೆಯ ನಡುವೆ ಒಡ್ಡು ಒಂಟಿಯಾಗಿ ನಿಂತಿತ್ತು. ಮತ್ತೆ ಎರಡು ಸರಪಳಿ ಹೋಗಿತ್ತು.

ಅದಕ್ಕಿಂತ ದೊಡ್ಡ ಸುದ್ದಿಯನ್ನು ಬೇಸಿಗೆಯ ಮುನ್ನವೇ ರಾಚವ್ವ ತಂದಳು. ಒರತೆಯ ನೀರನ್ನು ಬಾಯಿಗೆ ಹಾಕಿ, ಮುಖ ಕಿವುಚಿ, ಥೂ ಅಂತ ಉಗುಳಿದಳು.

"ಏ ಸೋನಿ, ನೀರಿಗೆ ಏನ ಹಾಕೀ ಬೇ?"

"ನಾ ಯಾಕ ಹಾಕಲಿ ಅವ್ವಾರ? ಒರತಿ ಹೊಳೀದಲ್ಲೇನ್ರಿ? ಹೊಳೀನ ಹಾಕೈತಿ."

ನೆಲ ಕಿರಿದಾದಂತೆ ಸಿಹಿನೀರಿನ ಪದರವೂ ತೆಳ್ಳಗಾಗಿ ಉಪ್ಪು ಮೇಲೇರಿತ್ತು.

ಪರಸಪ್ಪ ನಾಲ್ಕು ದಿನ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ. ಐದನೆಯ ದಿನ ಸೋನಾಬಾಯಿ, "ಕುಂತ್ರ ಹೊಲ ಹೊಳ್ಳಿ ಬರತೈತೇನು? ಸೌತಿಗೆ ಇನ್ನೊಂದಿಷ್ಟು ಮಡಿ ಮಾಡೂದೈತಿ, ಬಂದು ಸರಪಳಿ ಹಿಡದ ಗೆರಿ ಹಾಕ್ರಿ" ಅಂತ ಎಬ್ಬಿಸಿಕೊಂಡು ಹೋದಳು. ಬಾಲದ ಕಲ್ಲಿನ ಹತ್ತಿರ ಪರಸಪ್ಪ ಅಭ್ಯಾಸಬಲದಿಂದ ನಿಂತ. ಅವಳು ಕಲ್ಲು ದಾಟಿ ಮುಂದೆ ಮುಂದೆ ನಡೆದಳು.

"ಎಲ್ಲಿ ಹೊಂಟಿ? ಕಲ್ಲು ಇಲ್ಲೈತಿ."

"ಕಲ್ಲ ಅಲ್ಲಿರ್ಲಿ, ನನ್ನ ಸೌತಿ ಇಲ್ಲೈತಿ."

"ಅಲ್ಲಿ ಎಲ್ಲಿ ಹೊಲ ಐತಿ?"

"ಅಯ್ಯ ನಿಮ್ಮ! ನಾಕು ವರ್ಷಾತು ಇಲ್ಲಿ ಬೀಜ ಹಾಕಾಕತ್ತೀನಿ. ಹೋದ ವರ್ಷ ನೀವು ವಿಜಾಪುರಕ್ಕ ಒಯ್ದು ಸಾಹೇಬರ ಮನೀಗೆ ಕೊಟ್ಟ ಕಲ್ಲಂಗಡಿ ಎಲ್ಲೀದು ತಿಳದಿದ್ರಿ?"

ಪರಸಪ್ಪ ಕಲ್ಲಿನಿಂದ ಮುಂದಕ್ಕೆ ಅಳೆದ. ಒಂದು, ಎರಡು, ಮೂರು, ನಾಲ್ಕು ಸರಪಳಿ. ಎಲ್ಲ ಗಟ್ಟಿ ನೆಲ, ಹುಲ್ಲು ಬೇರು ಬಿಟ್ಟ ನೆಲ! ತಲೆಯಲ್ಲಿ ಹೋದ ಮರಳನ್ನು ಹೊಳೆ ಬಾಲದ ನಿಂತ ನೀರಿನಲ್ಲಿ ತಂದು ಇಳಿಸುತ್ತ ಬಂದಿತ್ತು. ಹಗಲೆಲ್ಲ ಊರವರ ಭೂಮಿಯನ್ನು ಆಣೆ ಬಿಡದೆ ಅಳೆಯುವ ಮನುಷ್ಯ, ಉತಾರದಲ್ಲಿ ಇಲ್ಲದ್ದು ಭೂಮಿಯೇ ಅಲ್ಲ ಅಂತ ನಂಬಿ, ಕಳೆದುಕೊಂಡದ್ದನ್ನಷ್ಟೇ ಅಳೆದು ಬಂದದ್ದಕ್ಕೆ ಬೆನ್ನು ಮಾಡಿ ನಿಂತಿದ್ದ. ಬೇರೆ ಯಾರೇ ಆಗಿದ್ದರೂ ಕಣ್ಣಿಂದ ನೋಡಿ ಹೇಳುತ್ತಿದ್ದರು. ಇವನ ಕೈಯಲ್ಲಿ ಸರಪಳಿ ಇತ್ತಲ್ಲ.

"ಸೋನಾ," ಅಂದ ಅವನು ಕೂತುಕೊಂಡು, "ನಮ್ಮ ಹೊಲ ಕರಗಾಕತ್ತಿಲ್ಲ. ನಡ್ಯಾಕತ್ತೈತಿ."

"ನಡೀಲಿ ಬಿಡ್ರಿ. ಒಬ್ಬರರ ಮನ್ಯಾಗ ಮುಂದ ಹೊಂಟಾರಲ್ಲ."

ಆದರೆ ಈ ವರ್ಷ ಬಾಲಕ್ಕೆ ಒಂದು ಆಣೆ ಕೂಡ ಹೊಸ ನೆಲ ಸೇರಿರಲಿಲ್ಲ. ಒಡ್ಡಿಗೆ ಸಿಟ್ಟಾದ ನೀರು ಎರಡೂ ಮಗ್ಗುಲಲ್ಲಿ ರಭಸದಿಂದ ಓಡಿ, ಇಳಿಸಬೇಕಿದ್ದ ಮರಳನ್ನು ಹೊತ್ತುಕೊಂಡೇ ಹೋಗಿತ್ತು. ಪರಸಪ್ಪ ಬಾಲದಲ್ಲಿ ಒಂದು ಗುಂಡಿ ತೋಡಿದ. ವರ್ಷಕ್ಕೊಂದರಂತೆ ಕೂತ ಪದರಗಳಲ್ಲಿ ತಳದವು ಗೇಣು ದಪ್ಪ, ಮೇಲಿನವು ಬೆರಳು ದಪ್ಪ; ಬರುವ ಮರಳೇ ಕಡಿಮೆಯಾಗುತ್ತ ಬಂದಿತ್ತು. ಮರಳನ್ನು ಅಂಗೈಯಲ್ಲಿ ತಿಕ್ಕಿ ನೋಡಿದ. ಗುರುತು ಸಿಕ್ಕಿತು. ಟಿಕೋಟಾ ಗುಡ್ಡದ ಕೆಂಪು ಗರಸು! ಆರು ವರ್ಷದಿಂದ ಆ ಗುಡ್ಡಕ್ಕೆ ಒಡ್ಡು ಹಾಕಿಸುತ್ತಿರುವವರು ಯಾರು? ಅವನ ಕಚೇರಿ. ಸರಪಳಿ ಹಿಡಿದವನು ಯಾರು? ಹೊಲದ ಬಾಯಿಗೆ ಬರುವ ತುತ್ತನ್ನು ಗುಡ್ಡದಲ್ಲೇ ತಡೆದು ನಿಲ್ಲಿಸುವ ಕೆಲಸಕ್ಕೆ ತಾನು ಪಗಾರ ತಗೊಳ್ಳುತ್ತಿದ್ದೇನೆ ಅಂತ ತಿಳಿದಾಗ ಅವನು ಅಳಬೇಕೋ ನಗಬೇಕೋ ತಿಳಿಯದೆ ಒಂದು ಸೌತಿಕಾಯಿ ಕಿತ್ತು ತಿಂದ.

ಗುಡ್ಡದ ಒಡ್ಡು ಗುಡ್ಡದವರಿಗೆ ಬೇಕು, ಅದನ್ನು ಬೇಡ ಅನ್ನಲಾಗದು. ಹಾಗಾದರೆ ಬರುವ ಚೂರು ಮರಳನ್ನಾದರೂ ಹಿಡಿಯಬೇಕು. ಹಿಡಿಯಬೇಕಾದರೆ ಮೊದಲು ತಲೆಯ ಕಲ್ಲಿನ ಒಡ್ಡು ಹೋಗಬೇಕು. ಪರಸಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಸಲಿಂಗಯ್ಯನವರ ಮುಂದೆ ನಿಂತ.

"ಒಡ್ಡ ತಗೀಬೇಕಾ?" ಬಸಲಿಂಗಯ್ಯನವರ ಚಹಾ ಬಟ್ಟಲಿನಲ್ಲೇ ಉಳಿಯಿತು. "ಲೇ, ಸರಪಳಿ ಹಿಡಿಯವ ನನಗ ಮಣ್ಣಿನ ಪಾಠ ಹೇಳಾಕ ಬಂದೀಯೇನು? ಆ ಒಡ್ಡಿನ ಫೋಟೋ ರಿಪೋರ್ಟಿನ್ಯಾಗ ಹೋಗ್ಯಾದ! ಒಂದ ಕಲ್ಲ ಸರಿದರ ನನ್ನ ಕೆಲಸ ಸರೀತದ."

"ಒಡ್ಡು ಗಟ್ಟಿ ಐತ್ರಿ ಸಾಹೇಬ್ರ. ಹೊಲ ಒಂದ ಇಲ್ಲ."

"ಅದು ಹೊಲದ ತಪ್ಪು!"

ಪರಸಪ್ಪ ಜೋತ ಮುಖ ಹೊತ್ತು ಮನೆಗೆ ಬಂದ. ಸೋನಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿ, "ಒಡ್ಡಿನ ಕಲ್ಲ ಯಾರೂ ಒಯ್ಯಬಾರದು ಅಂತ ಸಾಹೇಬರ ಕಡಿಂದ ಒಂದ ಬೋರ್ಡ ಬರಸ್ರಿ. ಊರಾಗ ಡಂಗುರಾನೂ ಹೊಡಸ್ರಿ" ಅಂದಳು.

"ಅದರಿಂದ ಏನಾಗತೈತಿ?"

"ನೀವು ಬರಸ್ರಿ."

ಬಸಲಿಂಗಯ್ಯನವರಿಗೆ ಈ ಸಲಹೆ ಬಹಳ ಹಿಡಿಸಿತು. ಬೋರ್ಡು ಬಂತು. ಡಂಗುರದವನು ಓಣಿ ಓಣಿಯಲ್ಲಿ ಸಾರಿದ: ನಡುಗಡ್ಡೆಯಲ್ಲಿರುವ ಸರಕಾರದ ಚಲೋ ಕರಿಕಲ್ಲುಗಳನ್ನು ಯಾರೂ ಮುಟ್ಟತಕ್ಕದ್ದಲ್ಲ! ಅಲ್ಲಿಯವರೆಗೆ ಅದು ಒಡ್ಡಾಗಿತ್ತು. ಡಂಗುರ ಕೇಳಿದ ಮೇಲೆ ಊರಿಗೆ ಅದು ಕಲ್ಲಿನ ಹಾಗೆ ಕಂಡಿತು. ಮಾಘ ಮಾಸದಲ್ಲಿ ಊರಿನಲ್ಲಿ ಹನ್ನೊಂದು ದನದ ಕೊಟ್ಟಿಗೆಗಳಿಗೆ ತಳಪಾಯ ಬಿತ್ತು, ಬಾಗಿಲಿಗೊಂದು ಬಟ್ಟೆ ಒಗೆಯುವ ಬಂಡೆ ಬಂತು. ಯುಗಾದಿ ಹೊತ್ತಿಗೆ ನಡುಗಡ್ಡೆಯ ತಲೆಯಲ್ಲಿ ಉಳಿದದ್ದು ಬೋರ್ಡು ಒಂದೇ. ಅದನ್ನೂ ಯಾರೋ ಅಟ್ಟಕ್ಕೆ ಹಲಗೆ ಬೇಕಂತ ಒಯ್ದರು. ಬಸಲಿಂಗಯ್ಯನವರು ತಮ್ಮ ಒಡ್ಡು ಹೊಳೆಗೆ ಬಗ್ಗದೆ ಕಳ್ಳರಿಗೆ ಬಗ್ಗಿತು ಎಂದು ಹೆಮ್ಮೆಯಿಂದಲೇ ರಿಪೋರ್ಟು ಬರೆದರು.

ಇನ್ನು ಬಾಲದ ಕೆಲಸ. ಪರಸಪ್ಪ ಜಾಲಿಮುಳ್ಳು ಕಡಿದು ತಂದು, ಗೂಟ ಬಡಿದು, ನಡುಗಡ್ಡೆಗೆ ಅಡ್ಡಡ್ಡ ಮೊಣಕಾಲೆತ್ತರದ ಸಡಿಲು ಬೇಲಿ ಕಟ್ಟಿದ. ನೀರನ್ನು ತಡೆಯುವ ಬೇಲಿಯಲ್ಲ ಅದು. ನೀರು ದಾಟಿ ಹೋಗಲಿ, ಹೋಗುವಾಗ ಮೈ ಭಾರ ಇಳಿಸಿ ಹೋಗಲಿ. ಬೇಲಿಯ ನಡುನಡುವೆ ಸೋನಾಬಾಯಿ ಆಪು ಹುಲ್ಲನ್ನು ಬೇರುಸಮೇತ ನೆಟ್ಟಳು, ಕರಿಕೆ ಹಬ್ಬಿಸಿದಳು. ನೋಡಿದವರು ನಕ್ಕರು. "ಪರಸಪ್ಪ ಹೊಳಿಗೆ ಮುಳ್ಳ ಹಚ್ಚ್ಯಾನ, ಮೇಯಾಕ ಬಾರದಂಗ!" ಉಪ್ಪುನೀರು ಕುಡಿದು ಬೇಸತ್ತಿದ್ದ ರಾಚವ್ವ ಮಾತ್ರ ನಗಲಿಲ್ಲ. ಎರಡು ಬಂಡಿ ಜಾಲಿಮುಳ್ಳು ಕಳಿಸಿದಳು. ಜೊತೆಗೆ ಹೇಳಿಕಳಿಸಿದಳು: ಇದು ಪರಸಪ್ಪನಿಗಲ್ಲ, ಹೊಳೆಗೆ.

ಮೊದಲ ವರ್ಷ ಬೇಲಿ ಅರ್ಧ ಹೂತುಹೋಯಿತು. ಅದರ ಮೇಲೆ ಇನ್ನೊಂದು ಕಟ್ಟಿದರು. ಎರಡನೆಯ ವರ್ಷ ಆಪು ಎದೆಯೆತ್ತರ ಬೆಳೆಯಿತು. ಅರವತ್ತಮೂರರ ಬೇಸಿಗೆಯಲ್ಲಿ, ಹೊಸ ಜಾಗದಲ್ಲಿ ತೋಡಿದ ಒರತೆಯ ನೀರು ಬಾಯಿಗೆ ಹಾಕಿದ ರಾಚವ್ವ ಉಗುಳಲಿಲ್ಲ. ನುಂಗಿದಳು. ಇನ್ನೊಂದು ಬೊಗಸೆ ಕುಡಿದಳು.

ಅರವತ್ತನಾಲ್ಕರ ಚಳಿಗಾಲದಲ್ಲಿ ಮೋಜಣಿ ಬಂತು. ಮೋಜಣಿದಾರ ಹಣಮಂತರಾಯರಿಗೆ ಸರಪಳಿ ಹಿಡಿಯಲು ಒಬ್ಬ ಪಳಗಿದ ಆಳು ಬೇಕಿತ್ತು. ಒಡ್ಡಿನ ಕಚೇರಿಯವರು ಪರಸಪ್ಪನನ್ನೇ ಕಳಿಸಿದರು. ಹೀಗೆ ಪರಸಪ್ಪ ತನ್ನ ಹೊಲ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಸರಕಾರಿ ಕೆಲಸದ ಮೇಲೆ ಬಂದು ತಾನೇ ಅಳೆಯಬೇಕಾಯಿತು. ತಾನು ಒಂದು ಕಡಿಮೆ ಹೇಳಿದರೆ ಹೊಲಕ್ಕೆ ಮೋಸ, ಒಂದು ಹೆಚ್ಚು ಹೇಳಿದರೆ ಸರಪಳಿಗೆ ಮೋಸ.

ಹಳೆಯ ಹದ್ದಿನೊಳಗೆ ಉಳಿದದ್ದು ಏಳು ಸರಪಳಿ. ಬಾಲದ ಕಲ್ಲಿನಾಚೆ ಎಂಟು ಸರಪಳಿ.

ಹಣಮಂತರಾಯರು ಕನ್ನಡಕ ಹಣೆಗೇರಿಸಿದರು. "ಏಳು ನಿಂದು. ಆ ಕಡಿ ಎಂಟು ಹೊಳಿ ಪಾತ್ರ. ಸರಕಾರದ್ದು."

"ಒಂದ ಹೊಲಾರಿ ಸಾಹೇಬ್ರ. ಅಲ್ಲಿದ್ದದ್ದು ಇಲ್ಲಿ ಬಂದೈತಿ."

"ಹೊಲ ಬರತದೇನೋ ಮಾರಾಯ? ಹಂಗಂತ ಬರದರ ನನ್ನ ಎಲ್ಲಿಗಿ ಕಳಸ್ತಾರ ಗೊತ್ತೇನು?" ಹಣಮಂತರಾಯರು ಸುತ್ತ ನೆರೆದ ಜನರನ್ನು ನೋಡಿದರು. "ಇದು ಮೊದಲಿಂದ ಇವನ ವಹಿವಾಟಿನ್ಯಾಗಿನ ನೆಲ ಅಂತ ಊರ ಪಂಚರು ಹೇಳಿದರ ಬ್ಯಾರೆ ಮಾತು. ಏನು ಗುರುತದ ಹೇಳ್ರಿ."

ಸೌತಿಬಳ್ಳಿ ಗುರುತಾಗುತ್ತದೆಯೇ? ಹೊಸ ನೆಲದ ಮಧ್ಯೆ ಗುರುತು ಅಂತ ಇದ್ದದ್ದು ಒಂದೇ, ಹೆಂಗಸರು ಕೊಡ ಇಟ್ಟು ನಿಂತಿದ್ದ ಒರತೆ. ಹಣಮಂತರಾಯರ ಕಣ್ಣು ಅಲ್ಲಿದ್ದ ರಾಚವ್ವನ ಮೇಲೆ ಬಿತ್ತು.

"ಅಜ್ಜಿ, ಈ ಒರತಿ ಹೊಳೀದೋ, ಪರಸಪ್ಪನ ಹೊಲದ್ದೋ? ಹೊಳೀದಂದ್ರ ಸುತ್ತಲ ನೆಲ ಸರಕಾರದ್ದು. ಹೊಲದ್ದಂದ್ರ ಅವಂದು. ವಿಚಾರ ಮಾಡಿ ಹೇಳ್ರಿ, ನಾ ಬರಕೋತೀನಿ."

ರಾಚವ್ವ ತನ್ನ ಕೊಡ ನೋಡಿದಳು. ಪರಸಪ್ಪ ಕಣ್ಣು ಮುಚ್ಚಿ ಸರಪಳಿ ಬಿಗಿಹಿಡಿದ.

"ಹೊಲದ್ದು," ಅಂದಳು ರಾಚವ್ವ.

"ಎಷ್ಟ ವರ್ಷದಿಂದ?"

"ನಾ ಈ ಊರಿಗೆ ಸೊಸಿಯಾಗಿ ಬಂದಾಗಿಂದ. ಇವನ ಹೊಲದ ನೀರ ಕುಡದೀನಿ, ನನ್ನ ಮಕ್ಕಳು ಕುಡದಾರ, ನಮ್ಮನಿ ಲಿಂಗದ ಮಜ್ಜನಕ್ಕೂ ಇದ ನೀರು. ಅದನ್ನೂ ಬರಕೊ."

ಹಿಂದಿನಿಂದ ಯಾರೋ ಗಂಡಸು, "ಯವ್ವಾ, ಇಷ್ಟ ದಿವಸ ಹೊಳೀದಂತಿದ್ದೆಲ್ಲ?" ಅಂದ.

"ಎರಡ ವರ್ಷ ಹೊಳೀದು ಕುಡದ ನೋಡಿದ್ನೆಪ್ಪಾ. ಫರಕ ತಿಳೀತು."

ರಾಚವ್ವ ಹೆಬ್ಬೆಟ್ಟು ಒತ್ತಿದಳು. ಉಳಿದ ಹೆಂಗಸರಿಗೆ ಮನೆಗೆ ಹೋಗಿ ಸ್ನಾನ ಮಾಡಬೇಕೇ ಅನ್ನುವ ಚಿಂತೆ ಹತ್ತಿತು. ಸ್ನಾನಕ್ಕೆ ಸಿಹಿನೀರು ಬೇಕಾದರೆ ಮತ್ತೆ ಇದೇ ಒರತೆಗೆ ಬರಬೇಕಿತ್ತು. ಹಾಗಾಗಿ ಯಾರೂ ಮಾಡಲಿಲ್ಲ.

ಹದಿನೈದು ಸರಪಳಿ ಉದ್ದ, ನಾಲ್ಕು ಅಗಲ, ಒಂದು ಎಕರೆ ಇಪ್ಪತ್ತು ಗುಂಟೆ, ಹಿಡುವಳಿದಾರ ಪರಸಪ್ಪ ಅಂತ ಬರೆದು ಹಣಮಂತರಾಯರು ವಹಿ ಮುಚ್ಚಿದರು. ಹೊಸ ಹದ್ದಿನ ಕಲ್ಲು ಬಂಡಿಯಲ್ಲಿ ಸಿದ್ಧವಿತ್ತು. ಪರಸಪ್ಪ ಅದನ್ನು ಹೆಗಲಿಗೇರಿಸಿಕೊಂಡು, ಬಾಲದ ತುದಿ ದಾಟಿ, ಧೋತರ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದ.

"ಲೇ, ಎಲ್ಲಿ ಹೊಂಟಿ? ಅದು ನೀರು!" ಹಣಮಂತರಾಯರು ದಂಡೆಯಿಂದ ಕೂಗಿದರು.

"ಈಗ ನೀರೈತ್ರಿ ಸಾಹೇಬ್ರ," ಅಂದ ಪರಸಪ್ಪ ಕಾಲಿನಿಂದ ತಳ ಹುಡುಕುತ್ತ. "ಇಲ್ಲೇ ಹುಗದ ಇಡತೀನಿ. ಹೊಲ ಬಂದ ಮುಟ್ಟತೈತಿ."